ಕಥೆಯೊಳಗ ರೊಟ್ಟಿ ಬಡೀತಾರ, ಸಪ್ಪಳಾನ ಕೇಳಂಗಿಲ್ಲ

ಸಾಧನಕೇರಿ:
ನಾನು ಬರೆದ ಎಂಟು ಪುಟದ ಸಣ್ಣಕಥೆ. ಅತ್ತೆ, ಹೊಸ ಸೊಸೆ, ಧಾರವಾಡದ ಹಳೆಯ ಮನೆ, ಕಟ್ಟಿಗೆ ಒಲೆ. ಓದಿದ ಇಬ್ಬರೂ ‘ಅಡುಗೆಮನೆ ಕಣ್ಣಿಗೆ ಕಟ್ಟಲಿಲ್ಲ’ ಅಂದರು. ಆ ಭಾಗ ಇದು:

“ಅಡುಗೆಮನೆ ತುಂಬ ಘಮಘಮ ಪರಿಮಳ. ಬ್ಯಾಡಗಿ ಮೆಣಸಿನಕಾಯಿ ಹುರಿಯುವ ಘಾಟಿಗೆ ಸೊಸೆಯ ಕಣ್ಣಲ್ಲಿ ನೀರು. ಅತ್ತೆಯ ಬಳೆ ಕಿಣಿಕಿಣಿ ಅಂದವು. ಕಾದ ಹಂಚಿಗೆ ಬಿದ್ದ ಜೋಳದ ರೊಟ್ಟಿ ಚುಂಯ್ ಎಂದಿತು.”

ಇನ್ನೂ ವಿಶೇಷಣ ಸೇರಿಸಲೋ, ತೆಗೆಯಲೋ?

ಹಾವೇರಿ ಏಲಕ್ಕಿ:
ವಿಶೇಷಣದ ಮಾತು ಆಮ್ಯಾಲೆ. ಮೊದಲ ತಪ್ಪು ತಿದ್ದಿಕೊಳ್ರಿ. ಜ್ವಾಳದ ರೊಟ್ಟಿಗೆ ಹಂಚಿನ ಮ್ಯಾಲೆ ಎಣ್ಣಿ ಹಾಕಂಗಿಲ್ಲ, ಅದು ಚುಂಯ್ ಅನ್ನಂಗಿಲ್ಲ. ರೊಟ್ಟಿ ಮ್ಯಾಲೆ ನೀರು ಸವರೋ ಒದ್ದಿ ಅರಿವಿಯಿಂದ ಹನಿ ಜಾರಿ ಬರೇ ಹಂಚಿಗೆ ಬಿದ್ದಾಗ ಆ ಸಪ್ಪಳ. ಇನ್ನ ಬ್ಯಾಡಗಿ ಕಾಯಿ ಹೆಸರಾಗಿದ್ದು ಬಣ್ಣಕ್ಕ, ಖಾರಕ್ಕಲ್ಲ. ಕಣ್ಣೀರು ಬೇಕಂದ್ರ ಗುಂಟೂರು ಕಾಯಿ ಹುರೀರಿ. ಬ್ಯಾಡಗೀನ ಇಟ್ಕೊಳ್ಳೋದಾದ್ರ ಬೆರಳಿಗೆ ಹತ್ತಿದ ಕೆಂಪು ತೋರಿಸ್ರಿ. ಸೊಸಿ ಅದನ್ನ ಸೆರಗಿಗೆ ಒರಸಿದ್ರ ಕಲಿ ಎರಡು ಪುಟ ಆದಮ್ಯಾಲೂ ಇರತೈತಿ. ಬಳಿ ಸಪ್ಪಳ ಬ್ಯಾಡ, ಅದು ಎಲ್ಲಾರ ಕಥಿಯೊಳಗೂ ಐತಿ.

ಬೆಟಗೇರಿ ಕಟ್ಟಿ:
‘ಘಮಘಮ’ ಹೋಳಿಗಿಗೂ ನಡೀತೈತಿ, ಊದಿನಕಡ್ಡಿಗೂ ನಡೀತೈತಿ. ಕೆಲಸ ಇರೋ ವಾಸನಿ, ಸಪ್ಪಳ ಹುಡುಕ್ರಿ. ಮೆಣಸಿನಕಾಯಿ ಬಿಟ್ಟು ಗುರೆಳ್ಳು (ಹುಚ್ಚೆಳ್ಳು) ಹುರಿಯೋದನ್ನ ತಗೋರಿ. ಕಾಳು ಮೊದಲ ಕರೀದು, ಹೊತ್ತಿದ್ದು ಕಣ್ಣಿಗೆ ಗೊತ್ತಾಗಂಗಿಲ್ಲ. ಕೋಡೊಲಿ, ಅಂದ್ರ ದೊಡ್ಡ ಒಲಿ ಮಗ್ಗುಲಿನ ಸಣ್ಣ ಒಲಿ, ಅದರ ಮ್ಯಾಲಿನ ಸಣ್ಣ ಕಾವಿಗೆ ಚಟಪಟ ಸಿಡೀತಾವು, ಸಿಡಿಯೋದು ಕಡಿಮಿ ಆತಂದ್ರ ಇಳಸಬೇಕು. ತಡ ಆತೋ, ಚಟ್ನಿ ಕಹಿ. ಅತ್ತಿ ಬೆನ್ನು ತಿರುಗಿಸಿ ರೊಟ್ಟಿ ಬಡೀಲಿ, ಕಿವಿ ಮಾತ್ರ ಸೊಸಿ ಬಾಣಲಿ ಕಡೆ ಇರಲಿ.

ಸಾಧನಕೇರಿ:
ಬಡಿಯುವ ಸದ್ದಿಗೆ ‘ಧಪ್ ಧಪ್’ ಸಾಕೆ?

ಬೆಟಗೇರಿ ಕಟ್ಟಿ:
ಸಾಲಂಗಿಲ್ಲ. ಉಂಡಿ ದಪ್ಪ ಇದ್ದಾಗ ಸಪ್ಪಳ ಮೆತ್ತಗ. ತೆಳ್ಳಗಾದಂಗ ಅಂಗೈ ಪರಾತಕ್ಕ ಹತ್ತರ ಬಂದು ಸಪ್ಪಳ ಬಿರುಸಾಗತೈತಿ. ನಡುವ ನಿಂತ್ರ ಅಂಚು ಬಿರದೈತಿ ಅಂತ ಅರ್ಥ. ಜ್ವಾಳದಾಗ ಗೋಧಿ ಹಂಗ ಅಂಟು ಇಲ್ಲ; ಕುದಿಯೋ ಎಸರು ಹೊಯ್ದಾಗ ಪಿಷ್ಟ ಬೆಂದು ಜಿಗಿ ಬರತೈತಿ. ಬಟ್ಟಲ ಹಿಟ್ಟಿಗೆ ಹೆಚ್ಚುಕಡಿಮಿ ಬಟ್ಟಲ ನೀರು. ಎಸರು ಆರಿದ್ರ, ಇಲ್ಲಾ ಹಿಟ್ಟು ಬೀಸಿಸಿ ಭಾಳ ದಿನ ಆಗಿದ್ರ ಜಿಗಿ ಹೋಗತೈತಿ. ತಪ್ಪು ಹಳೇ ಹಿಟ್ಟಿಂದೋ, ಎಸರಿಟ್ಟ ಸೊಸೀದೋ? ನಿಮ್ಮ ಕಥಿ ಜಗಳ ಅಲ್ಲೇ ಐತಿ. ಇಬ್ಬರ ಬಾಯಿಂದನೂ ಅದನ್ನ ಆಡಸಬ್ಯಾಡ್ರಿ.

ಸಾಧನಕೇರಿ:
ತಿದ್ದಿದ್ದು: “ಚಟಪಟ ತಗ್ಗಿತು. ಅತ್ತೆಯ ಕೈ ನಿಂತಿತು. ಒದ್ದೆ ಅರಿವೆಯ ಹನಿಯೊಂದು ಹಂಚಿಗೆ ಬಿದ್ದು ಚುಂಯ್ ಎಂದಿತು. ‘ಇಳಿಸು’ ಎಂದಳು, ಪ್ರೀತಿಯಿಂದ.”

ಹಾವೇರಿ ಏಲಕ್ಕಿ:
‘ಪ್ರೀತಿಯಿಂದ’ ತಗೀರಿ. ಮತ್ತ ಧಾರವಾಡದ ಅತ್ತಿ ‘ಇಳಿಸು’ ಅನ್ನಂಗಿಲ್ಲ, ‘ಇಳಸವಾ’ ಅಂತಾಳ.