ಸಹಾಯ ಬೇಕು: ಬ್ಯಾಶ್‌ನಲ್ಲಿ ಕನ್ನಡ ಫೈಲ್ ಹೆಸರು ಬಂದರೆ ಕರ್ಸರ್ ದಾರಿ ತಪ್ಪುತ್ತಿದೆ

ಎಲ್ಲರಿಗೂ ನಮಸ್ಕಾರ. ಉಬುಂಟುವಿನಲ್ಲಿ ಬ್ಯಾಶ್ (ಟರ್ಮಿನಲ್‌ನಲ್ಲಿ ಕಮಾಂಡ್ ಓಡಿಸುವ ಶೆಲ್) ಬಳಸುತ್ತೇನೆ. ಉದ್ದದ ಕಮಾಂಡ್ ಟೈಪ್ ಮಾಡಿದರೆ ಕೆಳಗಿನ ಸಾಲಿಗೆ ಇಳಿಯದೆ, ಅದೇ ಸಾಲಿನ ಶುರುವಿಗೆ ಬಂದು ಪ್ರಾಂಪ್ಟ್ ಮೇಲೆಯೇ ಬರೆದುಕೊಳ್ಳುತ್ತಿತ್ತು. ಅದಕ್ಕೆ ಕಾರಣ ಸಿಕ್ಕಿತು. ಪ್ರಾಂಪ್ಟ್ ಹೇಗೆ ಕಾಣಬೇಕು ಅಂತ ಹೇಳುವ ಪಿಎಸ್1 ಸೆಟ್ಟಿಂಗ್‌ನಲ್ಲಿರುವ ಬಣ್ಣದ ಕೋಡ್‌ಗಳು ಪರದೆಯಲ್ಲಿ ಜಾಗ ತಗೊಳ್ಳುವುದಿಲ್ಲ, ಆದರೆ ಬ್ಯಾಶ್‌ನಲ್ಲಿ ಟೈಪ್ ಮಾಡುವ ಸಾಲನ್ನು ನೋಡಿಕೊಳ್ಳುವ ರೀಡ್‌ಲೈನ್ ಅವನ್ನೂ ಅಕ್ಷರ ಅಂತ ಎಣಿಸುತ್ತದೆ. ಪ್ರತಿ ಕೋಡ್‌ನ ಆಚೀಚೆ ಬ್ಯಾಕ್‌ಸ್ಲ್ಯಾಶ್ ಸಮೇತ ಚೌಕ ಬ್ರಾಕೆಟ್ ಹಾಕಿದೆ, ಸರಿಹೋಯಿತು.

ಈಗ ಉಳಿದಿರುವುದು ಇನ್ನೊಂದು ಕಾಟ. ‘ಲೆಕ್ಕಪತ್ರ’ದಂಥ ಕನ್ನಡ ಹೆಸರಿನ ಫೈಲ್ ಇದ್ದರೆ, ಟ್ಯಾಬ್ ಒತ್ತಿದ ಮೇಲೆ ಕರ್ಸರ್ ಅಕ್ಷರದಿಂದ ದೂರ ಹೋಗಿ ಕೂರುತ್ತದೆ. ಬ್ಯಾಕ್‌ಸ್ಪೇಸ್ ಒತ್ತಿದರೆ ಅಳಿಸಿದ ಅಕ್ಷರದ ಚೂರು ಅಲ್ಲೇ ಉಳಿಯುತ್ತದೆ. ತಮಾಷೆ ಅಂದರೆ, ಎಂಟರ್ ಒತ್ತಿದರೆ ಕಮಾಂಡ್ ಸರಿಯಾಗಿಯೇ ಓಡುತ್ತದೆ! ಒತ್ತಕ್ಷರ, ಗುಣಿತಗಳ ಅಗಲವನ್ನು ರೀಡ್‌ಲೈನ್ ಒಂದು ಥರ, ಟರ್ಮಿನಲ್ ಇನ್ನೊಂದು ಥರ ಎಣಿಸುತ್ತಿರಬೇಕು ಅಂತ ನನ್ನ ಗುಮಾನಿ.

ಲೊಕೇಲ್ (ಭಾಷೆ, ಅಕ್ಷರಗಳ ಸೆಟ್ಟಿಂಗ್) ಯುಟಿಎಫ್-8 ಇದೆ. ವಿಂಡೋ ಅಳತೆಯನ್ನು ಗಮನಿಸುವ ಬ್ಯಾಶ್‌ನ ಚೆಕ್‌ವಿನ್‌ಸೈಜ್ ಆನ್ ಇದೆ. ಟಿಮಕ್ಸ್ (ಒಂದೇ ಟರ್ಮಿನಲ್‌ನಲ್ಲಿ ಹಲವು ಕಿಟಕಿ ಕೊಡುವ ಪ್ರೋಗ್ರಾಂ) ಇಲ್ಲದೆಯೂ ನೋಡಿದೆ, ಹಾಗೇ.

ಕನ್ನಡವನ್ನು ನೆಟ್ಟಗೆ ತೋರಿಸುವ ಟರ್ಮಿನಲ್ ಯಾರಾದರೂ ಬಳಸುತ್ತಿದ್ದೀರಾ? ರೀಡ್‌ಲೈನ್‌ನ ಸೆಟ್ಟಿಂಗ್ ಫೈಲ್ ಆದ ಇನ್‌ಪುಟ್‌ಆರ್‌ಸಿಯಲ್ಲಿ ಬದಲಿಸಬೇಕಾದ್ದು ಏನಾದರೂ ಇದೆಯಾ? ಸುಮ್ನೆ ಇಂಗ್ಲಿಷ್ ಹೆಸರು ಇಡಿ ಅನ್ನಬೇಡಿ, ಅವು ಅಪ್ಪನ ಫೈಲ್‌ಗಳು.