ಶುಗರ್ ಇರುವವರ ಗಾಯಕ್ಕೆ ಸೊಪ್ಪಿನ ರಸ ಹಿಂಡಬಹುದಾ?

ಹನುಮಂತನಗರದ ಮಗಳು:
ಅಪ್ಪನಿಗೆ 71 ವರ್ಷ, ಶುಗರ್ ಇದೆ. ನಿನ್ನೆ ವಾಕಿಂಗ್ ಮುಗಿಸಿ ಬರುವಾಗ ಫುಟ್‌ಪಾತಿನ ಚಪ್ಪಡಿ ಎಡವಿ ಬಿದ್ದರು. ಮೊಣಕಾಲ ಕೆಳಗೆ ಅಂಗೈಯಗಲ ತರಚಿದೆ. ಹೆಬ್ಬೆರಳ ಪಕ್ಕ ಚರ್ಮ ಕಿತ್ತು ಬಂದಿದೆ. ಆಸ್ಪತ್ರೆಗೆ ಹೋಗೋಣ ಅಂದರೆ ಕೇಳಲಿಲ್ಲ. ಎದುರಿನ ಖಾಲಿ ಸೈಟಿನಿಂದ ಗಬ್ಬು ಸಾವಂತಿ ಸೊಪ್ಪು ಕಿತ್ತು ತಂದು, ಅಂಗೈಯಲ್ಲಿ ತಿಕ್ಕಿ ರಸ ಹಿಂಡಿಕೊಂಡರು. ಅದರ ಮೇಲೆ ದೇವರ ಮನೆಯ ಅರಿಶಿನ. ಕನಕಪುರದ ಕಡೆ ಹೊಲದಲ್ಲಿ ಕುಡುಗೋಲು ತಗುಲಿದರೆ ಎಲ್ಲರೂ ಇದನ್ನೇ ಹಚ್ಚುತ್ತಿದ್ದರಂತೆ. ರಕ್ತವೇನೋ ನಿಂತಿತು. ಆದರೆ ಇವತ್ತು ಹೆಬ್ಬೆರಳ ಸುತ್ತ ಕೆಂಪಗಾಗಿದೆ. ನೋವೇ ಇಲ್ಲ ಅನ್ನುತ್ತಾರೆ. ನಾನೂ ತಾರಸಿಯಲ್ಲಿ ಲೋಳೆಸರ, ಒಂದೆಲಗ ಬೆಳೆಸಿದ್ದೇನೆ, ಗಿಡಮೂಲಿಕೆ ಬೇಡ ಅನ್ನುವವಳಲ್ಲ. ಏನು ಮಾಡಲಿ?

ಜಯನಗರ 4ನೇ ಬ್ಲಾಕ್:
ಅರಿಶಿನಕ್ಕೆ ಯಾಕೆ ಭಯ? ಗಾಯಕ್ಕೆ ಅರಿಶಿನ ಬಳಸುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟೇ ಕೊಟ್ಟಿದ್ದರು. ನಮ್ಮ ಕೇಂದ್ರ ಸರ್ಕಾರದ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ ಹಳೆಯ ದಾಖಲೆಗಳನ್ನು ಮುಂದಿಟ್ಟು 1997ರಲ್ಲಿ ಅದನ್ನು ರದ್ದು ಮಾಡಿಸಿತು. ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚಿ, ಒಣಗುತ್ತೆ.

ಡ್ರೆಸ್ಸಿಂಗ್ ರೂಮ್ ಸಿಸ್ಟರ್:
ಮೇಡಂ, ಇವತ್ತೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ನಾಳೆಗೆ ಬೇಡ. ಶುಗರ್ ಇರುವವರ ಕಾಲಲ್ಲಿ ನೋವಿಲ್ಲ ಅಂದರೆ ಗಾಯ ಚಿಕ್ಕದು ಅಂತಲ್ಲ, ನರಕ್ಕೆ ಸ್ಪರ್ಶ ಕಡಿಮೆಯಾಗಿರಬಹುದು. ನಮ್ಮಲ್ಲಿಗೆ ಬರುವ ಕಾಲಿನ ಗಾಯಗಳಲ್ಲಿ ನನಗೆ ಜಾಸ್ತಿ ಹೆದರಿಕೆ ಆಗುವುದು ನೋವಿಲ್ಲದವನ್ನು ನೋಡಿದಾಗಲೇ.

ಅಪ್ಪನನ್ನು ಬೈಯಬೇಡಿ. ಆ ಸೊಪ್ಪಿನಲ್ಲಿ ಗುಣ ಇದೆ. ಇಲಿಗಳ ಮೇಲೆ ಮಾಡಿದ ಪರೀಕ್ಷೆಗಳಲ್ಲೂ ಅದರ ರಸ ಗಾಯ ಮಾಯುವುದಕ್ಕೆ ನೆರವಾಗಿದೆ. ತೊಂದರೆ ಇರುವುದು ಅದು ಬೆಳೆದ ಜಾಗದಲ್ಲಿ. ಖಾಲಿ ಸೈಟ್ ಅಂದರೆ ಗೊತ್ತಲ್ವಾ, ನಾಯಿ ಹೇಲು, ದನದ ಸಗಣಿ, ಮೋರಿ ನೀರು. ಧನುರ್ವಾಯುವಿನ ಬೀಜಕಣ ಇರುವುದೇ ಅಂಥ ಮಣ್ಣಲ್ಲಿ. ಎಲೆಯನ್ನು ನಲ್ಲಿ ನೀರಲ್ಲಿ ತೊಳೆದರೆ ಹೋಗುವುದಿಲ್ಲ, ಕುದಿಸಿದರೂ ಸಾಯುವುದು ಕಷ್ಟ. ಗಾಯ ಮಣ್ಣಾಗಿದ್ದು, ಕೊನೆಯ ಇಂಜೆಕ್ಷನ್ ಆಗಿ 5 ವರ್ಷ ದಾಟಿದ್ದರೆ ಮತ್ತೆ ಹಾಕಿಸಬೇಕು.

ಅರಿಶಿನದ ಬಗ್ಗೆಯೂ ಒಂದು ಮಾತು. ಪೂಜೆ ಅಂತ ಮಾರುವ ಪುಡಿಯಲ್ಲಿ ಬಣ್ಣ, ಹಿಟ್ಟು ಬೆರೆತಿರಬಹುದು. ಅದು ಗಾಯದ ಮೇಲೆ ಗಟ್ಟಿ ಪದರವಾಗಿ ಕೂರುತ್ತದೆ. ಮೇಲೆ ನೋಡಿದರೆ ಒಣಗಿದ ಹಕ್ಕಳೆ, ಸಲೈನ್ ಬಿಟ್ಟು ನೆನೆಸಿ ಎತ್ತಿದರೆ ಕೆಳಗೆ ಕೀವು. ಕೆಂಪು ಎಲ್ಲಿಯವರೆಗೆ ಹರಡಿದೆ ಅಂತಲೂ ಆ ಹಳದಿಯಲ್ಲಿ ಕಾಣುವುದಿಲ್ಲ. ಪೇಟೆಂಟ್ ವಿಷಯ ನಿಜ, ನನಗೂ ಹೆಮ್ಮೆ ಇದೆ. ಆದರೆ ಈ ಕಾಲಿಗೆ ಅದು ಉತ್ತರ ಅಲ್ಲ.

ಲೋಳೆಸರ ಖಂಡಿತ ಇಟ್ಟುಕೊಳ್ಳಿ. ಬೈಕಿನ ಸೈಲೆನ್ಸರ್ ತಾಗಿ ಸುಮ್ನೆ ಕೆಂಪಗಾದ ಚರ್ಮಕ್ಕೆ ಒಳ್ಳೆಯದು. ಮೊದಲು 20 ನಿಮಿಷ ಹರಿಯುವ ನಲ್ಲಿ ನೀರು. ಟೂತ್‌ಪೇಸ್ಟ್, ದೋಸೆ ಹಿಟ್ಟು ಬೇಡವೇ ಬೇಡ. ಎಲೆ ಕೊಯ್ದು ಕೊಯ್ದ ತುದಿ ಕೆಳಗೆ ಮಾಡಿ ನಿಲ್ಲಿಸಿ. ಹಳದಿ ರಸ ಇಳಿದು ಹೋಗಲಿ, ಅದು ಚರ್ಮಕ್ಕೆ ಉರಿ ತರುತ್ತದೆ. ಆಮೇಲೆ ಸಿಪ್ಪೆ ತೆಗೆದು ಒಳಗಿನ ಲೋಳೆ ಮಾತ್ರ ಹಚ್ಚಿ. ಬೊಬ್ಬೆ ಒಡೆದಿದ್ದರೆ ಅದೂ ಬೇಡ.

ಇನ್ನು ನಾಯಿ ಕಚ್ಚಿದ ಗಾಯ. ನಮ್ಮೂರಲ್ಲಿ ಇದನ್ನು ಹೇಳಲೇಬೇಕು. ಸುಣ್ಣ, ಖಾರದ ಪುಡಿ, ಅರಿಶಿನ ಯಾವುದೂ ಹಚ್ಚಬೇಡಿ. ಸೋಪು ಹಾಕಿ 15 ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಿ.

ಬಿಎಎಂಎಸ್ ಓದಿದವ:
ಸಿಸ್ಟರ್ ಹೇಳಿದ್ದು ಸರಿ. ಆಯುರ್ವೇದವೂ ಸೊಪ್ಪು ಹಿಂಡಿ ಬಿಡು ಅನ್ನುವುದಿಲ್ಲ. ಸುಶ್ರುತ ಗಾಯಕ್ಕೆ 60 ಉಪಕ್ರಮ, ಅಂದರೆ ಚಿಕಿತ್ಸಾ ವಿಧಾನ, ಹೇಳಿದ್ದಾನೆ. ಗಾಯ ಶುದ್ಧಿಯಾದ ಮೇಲೆಯೇ ಅದನ್ನು ತುಂಬಿಸುವ ಔಷಧಿ. ಗ್ರಂಥಿಗೆ ಅಂಗಡಿಯಲ್ಲಿ ಕೇಳಿ ಗಾಯಕ್ಕೆ ಹಚ್ಚುವ ಜಾತ್ಯಾದಿ ತೈಲ ತಂದು ನೀವೇ ಹಚ್ಚಲೂ ಹೋಗಬೇಡಿ, ಅದರಲ್ಲಿ ಮೈಲುತುತ್ತ (ಕಾಪರ್ ಸಲ್ಫೇಟ್) ಇರುತ್ತದೆ. ಅಪ್ಪನಿಗೆ ಆಯುರ್ವೇದವೇ ಬೇಕು ಅನಿಸಿದರೆ ಮೆಜೆಸ್ಟಿಕ್ ಹತ್ತಿರ ಧನ್ವಂತರಿ ರಸ್ತೆಯಲ್ಲಿ ಸರ್ಕಾರಿ ಆಸ್ಪತ್ರೆ ಇದೆ. ಆದರೆ ಮೊದಲು ಈ ಕೆಂಪು ಇಳಿಯಲಿ.

ಹನುಮಂತನಗರದ ಮಗಳು:
ಹೋಗಿ ಬಂದೆವು. ತೊಳೆದಾಗ ಬೆರಳ ಸಂದಿಯಲ್ಲಿ ಎಲೆಯ ಚೂರು, ಮಣ್ಣು ಎರಡೂ ಬಂತು. ಇಂಜೆಕ್ಷನ್ ಹಾಕಿದರು, ಮಾತ್ರೆ ಬರೆದರು, ನಾಡಿದ್ದು ಮತ್ತೆ ಡ್ರೆಸ್ಸಿಂಗ್. ಸಿಸ್ಟರ್ ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಸೊಪ್ಪಿನಲ್ಲಿ ಗುಣ ಇದೆ ಅಂದಿದ್ದಕ್ಕೆ ಸಮಾಧಾನವಾಗಿದ್ದಾರೆ. ಗಾಯ ಮುಚ್ಚಿದ ಮೇಲೆ ಒಂದೆಲಗದ ಕ್ರೀಮ್ ಹಚ್ಚಬಹುದಾ?

ಡ್ರೆಸ್ಸಿಂಗ್ ರೂಮ್ ಸಿಸ್ಟರ್:
ಹಕ್ಕಳೆ ತಾನಾಗಿ ಉದುರಿ, ಹೊಸ ಚರ್ಮ ಪೂರ್ತಿ ಬಂದ ಮೇಲೆ ಡಾಕ್ಟರನ್ನು ಕೇಳಿ ಹಚ್ಚಿ. ಮೊದಲು ಮೊಣಕೈ ಒಳಗಡೆ ಚೂರು ಹಚ್ಚಿ ಒಂದು ದಿನ ನೋಡಿ, ತುರಿಕೆ ಬಂದರೆ ಬೇಡ. ಬೆರಳ ಸಂದಿಗೆ ಯಾವ ಕ್ರೀಮೂ ಬೇಡ, ಅಲ್ಲಿ ಒಣಗಿರಬೇಕು. ದಿನಾ ರಾತ್ರಿ ಅಂಗಾಲನ್ನೂ ನೀವೇ ನೋಡಿ, ಅವರಿಗೆ ಬಗ್ಗಿ ನೋಡಲು ಆಗುವುದಿಲ್ಲ.