ಸಿಓ-ಮಯೋಗ್ಲೋಬಿನ್: ಯುವಿಯಲ್ಲಿ ಎಲ್ಲ ಸರಿ, ರಾಮನ್‌ನಲ್ಲಿ ಮಾತ್ರ ಡಿಆಕ್ಸಿ ಯಾಕೆ?

ಕೆಂಪುಹನಿ:
ಎಲ್ಲರಿಗೂ ನಮಸ್ಕಾರ. ಕುದುರೆ ಹೃದಯದ ಮಯೋಗ್ಲೋಬಿನ್‌ಗೆ (ಆಮ್ಲಜನಕ ಹಿಡಿದಿಡುವ ಸ್ನಾಯುವಿನ ಪ್ರೋಟೀನ್, ಒಳಗೆ ಹೀಮ್ ಎಂಬ ಕಬ್ಬಿಣವಿರುವ ಉಂಗುರ) ಕಾರ್ಬನ್ ಮಾನಾಕ್ಸೈಡ್ (ಸಿಓ) ಕೂಡಿಸಿ ರೆಸೊನೆನ್ಸ್ ರಾಮನ್ (ಚದುರಿದ ಲೇಸರ್ ಬೆಳಕಿನಿಂದ ಅಣುವಿನ ಕಂಪನ ನೋಡುವ ವಿಧಾನ) ತೆಗೆಯುತ್ತಿದ್ದೇನೆ. ನನಗೆ ಬೇಕಿರುವುದು ಕಬ್ಬಿಣ ಮತ್ತು ಸಿಓ ನಡುವಿನ ಕಂಪನ. 512 ವೇವ್‌ನಂಬರ್ (ಕಂಪನದ ಅಳತೆ) ಹತ್ತಿರ ಬರಬೇಕು. ಬರುತ್ತಲೇ ಇಲ್ಲ.

ಪ್ರೋಟೀನ್ 50 ಮೈಕ್ರೋಮೋಲಾರ್, ಫಾಸ್ಫೇಟ್ ಬಫರ್, ಪಿಎಚ್ 7. ಆರ್ಗಾನ್ ಹಾಯಿಸಿ, ಕಬ್ಬಿಣವನ್ನು ಫೆರಸ್ ರೂಪಕ್ಕೆ ಇಳಿಸುವ ಡೈಥಯೊನೈಟ್ ಹಾಕಿ, ಆಮೇಲೆ ಸಿಓ ಬಿಟ್ಟಿದ್ದೇನೆ. ಸೆಪ್ಟಮ್ ಹಾಕಿದ ಕ್ವಾರ್ಟ್ಜ್ ಟ್ಯೂಬ್. ಹೀಲಿಯಂ-ಕ್ಯಾಡ್ಮಿಯಂ ಲೇಸರ್, 441.6 ನ್ಯಾನೋಮೀಟರ್, ಸ್ಯಾಂಪಲ್ ಮೇಲೆ 10 ಮಿಲಿವಾಟ್.

ಸಿಕ್ಕಿದ್ದು: 1356ರಲ್ಲಿ ದೊಡ್ಡ ಪೀಕ್, ಅದರ ಪಕ್ಕ 1372ರಲ್ಲಿ ಚಿಕ್ಕದೊಂದು ಭುಜ, 1471, ಕೆಳಗೆ 220ರಲ್ಲಿ ಜೋರಾದ ಪೀಕ್. ಇದು ಅಚ್ಚು ಡಿಆಕ್ಸಿ (ಸಿಓ, ಆಮ್ಲಜನಕ ಯಾವುದೂ ಅಂಟದ) ಮಯೋಗ್ಲೋಬಿನ್ ಅಲ್ವಾ? ಆದರೆ 1 ಮಿಲಿಮೀಟರ್ ಕುವೆಟ್‌ನಲ್ಲಿ ಯುವಿ (ಯಾವ ಬೆಳಕು ಎಷ್ಟು ಹೀರುತ್ತದೆ ಎಂಬ ಅಳತೆ) ತೆಗೆದರೆ 423, 540, 579 ನ್ಯಾನೋಮೀಟರ್. ಪಕ್ಕಾ ಸಿಓ. ರಾಮನ್ ಆದ ಮೇಲೆ ತೆಗೆದರೂ ಅದೇ. ಡೈಥಯೊನೈಟ್ ಬಾಟಲಿ ಸ್ವಲ್ಪ ಹಳೆಯದು, ಗಂಟು ಗಂಟಾಗಿದೆ. ಅದರ ಕಾಟ ಇರಬಹುದೇ?

ಬಫರ್ ಭಟ್ರು:
ಮೊದಲು ಒಂದು ಮಾತು ಮೇಡಂ. ಸಿಓ ಸಿಲಿಂಡರ್ ಫ್ಯೂಮ್ ಹುಡ್ ಒಳಗೇ ಇದೆ ತಾನೇ? ಡಿಟೆಕ್ಟರ್ ಇದೆ ತಾನೇ? ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿಮ್ಮ ಟ್ಯೂಬ್‌ನಲ್ಲಿ ನಡೆಯುವುದೇ ನಿಮ್ಮ ರಕ್ತದಲ್ಲೂ ನಡೆಯುತ್ತದೆ.

ಇನ್ನು ಡೈಥಯೊನೈಟ್. ಗಂಟು ಕಟ್ಟಿದ ಪುಡಿ ಅರ್ಧ ಸತ್ತಿರುತ್ತದೆ, ಹೊಸದು ತರಿಸಿ. ಆದರೆ ಈ ಸಮಸ್ಯೆಗೆ ಅದು ಕಾರಣ ಅನ್ನಿಸುವುದಿಲ್ಲ. ಪುಡಿ ಕೈಕೊಟ್ಟಿದ್ದರೆ ಮೆಟ್ (ಕಬ್ಬಿಣ ಫೆರಿಕ್ ಆಗಿರುವ ರೂಪ) ಉಳಿಯುತ್ತಿತ್ತು, ಯುವಿಯಲ್ಲಿ 409 ಮತ್ತು 630ರಲ್ಲಿ ಕಾಣುತ್ತಿತ್ತು. ಗಾಳಿ ನುಗ್ಗಿದ್ದರೆ ಆಕ್ಸಿ (ಆಮ್ಲಜನಕ ಅಂಟಿದ ರೂಪ) ಆಗುತ್ತಿತ್ತು. ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ಆಕ್ಸಿಯ ಎರಡು ಪೀಕ್ 543 ಮತ್ತು 581, ಸಿಓದ್ದು 540 ಮತ್ತು 579. ಕಣ್ಣಿಗೆ ಎರಡೂ ಕೆಂಪೇ. ಎತ್ತರ ನೋಡಿ: ಸಿಓದಲ್ಲಿ 540 ಎತ್ತರ, ಆಕ್ಸಿಯಲ್ಲಿ 581 ಎತ್ತರ. ಜೊತೆಗೆ ಆಕ್ಸಿಯ ಸೊರೆಟ್ (ಹೀಮ್ ಬೆಳಕು ಹೀರುವ ಅತಿ ಎತ್ತರದ ಪೀಕ್) 418ರಲ್ಲಿ. ನಿಮ್ಮದು 423 ಅಂದಮೇಲೆ ಸ್ಯಾಂಪಲ್ ಚೆನ್ನಾಗಿಯೇ ಇದೆ.

ಗ್ರೇಟಿಂಗ್ 2400:
ಕ್ಯಾಲಿಬ್ರೇಶನ್ ಯಾವುದರಿಂದ? ಬರೀ ಸಿಲಿಕಾನ್ 520 ನೋಡಿ ಬಿಟ್ಟರೆ 1300ರ ಆಚೆ ನಂಬುವಂತಿಲ್ಲ. ಟಾಲ್ವೀನ್ ಇಡಿ, 521.7ರಿಂದ 1605 ತನಕ ಲೈನ್ ಸಿಗುತ್ತವೆ. ಆದರೆ 1356 ಮತ್ತು 1372 ಎರಡೂ ಒಂದೇ ಸ್ಪೆಕ್ಟ್ರಮ್‌ನಲ್ಲಿವೆ ಅಂತೀರಿ. ಹಾಗಿದ್ದರೆ ಅಳತೆಗೋಲು ಜಾರಿದ್ದಲ್ಲ, ನಿಜವಾಗಿಯೂ ಎರಡು ಬಗೆಯ ಹೀಮ್ ಇವೆ.

ಅಂದಹಾಗೆ, ಅದು ಗ್ಯಾಸ್ ಲೇಸರ್. ಪ್ಲಾಸ್ಮಾ ಲೈನ್‌ಗಳು (ಲೇಸರ್ ಗ್ಯಾಸ್ ತಾನೇ ಸೂಸುವ ಬೇರೆ ಬೆಳಕು) ನುಸುಳುತ್ತವೆ. ಮುಂದೆ ಲೇಸರ್-ಲೈನ್ ಫಿಲ್ಟರ್ ಇದೆಯೇ? ಬರೀ ಬಫರ್‌ನಲ್ಲೂ ಕಾಣುವ ಸೂಜಿಯಂಥ ಗೆರೆ ಪ್ರೋಟೀನ್‌ದಲ್ಲ.

ಹಳೇ ಲೇಸರ್:
ಇದು ಫೋಟೋಲಿಸಿಸ್. ಹೀಮ್‌ಗೆ ಅಂಟಿದ ಸಿಓ ಬೆಳಕು ಬಿದ್ದರೆ ಬಿಟ್ಟುಹೋಗುತ್ತದೆ. ಮಯೋಗ್ಲೋಬಿನ್‌ನಲ್ಲಿ ಹೆಚ್ಚುಕಮ್ಮಿ ಒಂದು ಫೋಟಾನ್‌ಗೆ ಒಂದು ಸಿಓ. ಬಿಟ್ಟುಹೋದ ಮೇಲೆ ಉಳಿಯುವುದು ಐದು ಕೈಯ (ಕಬ್ಬಿಣಕ್ಕೆ ಐದೇ ಬಂಧ ಇರುವ) ಫೆರಸ್ ಹೀಮ್, ಅಂದರೆ ಡಿಆಕ್ಸಿಯೇ. ನಿಮ್ಮ ಪೀಕ್‌ಗಳು ಅದನ್ನೇ ಹೇಳುತ್ತಿವೆ: ಹೀಮ್ ಉಂಗುರದ ಕಂಪನಗಳಾದ ನ್ಯೂ-4 1356ರಲ್ಲಿ, ನ್ಯೂ-3 1471ರಲ್ಲಿ. 220ರದ್ದು ಕಬ್ಬಿಣ ಮತ್ತು ಅದನ್ನು ಹಿಡಿದ ಹಿಸ್ಟಿಡಿನ್ (ಪ್ರೋಟೀನಿನ ಒಂದು ಅಮೈನೋ ಆಮ್ಲ) ನಡುವಿನ ಕಂಪನ. ಆರನೇ ಕೈಯಲ್ಲಿ ಸಿಓ ಕೂತಿದ್ದರೆ ಈ 220 ಇಷ್ಟು ಜೋರಾಗಿ ಬರುವುದೇ ಇಲ್ಲ.

ಯುವಿಯಲ್ಲಿ ಕಾಣದ್ದಕ್ಕೂ ಕಾರಣ ಇದೇ. ಬೆಳಕು ಬೀಳುವುದು ಟ್ಯೂಬ್‌ನ ಒಂದು ಚುಕ್ಕೆಯಲ್ಲಿ. ಅಲ್ಲಿಂದ ಹೊರಬಂದ ಕೂಡಲೇ ಸಿಓ ವಾಪಸ್ ಅಂಟಿಕೊಳ್ಳುತ್ತದೆ. ಕುವೆಟ್‌ಗೆ ಹೋಗುವ ಹೊತ್ತಿಗೆ ಏನೂ ಆಗಿಯೇ ಇಲ್ಲ ಎಂಬಂತೆ ಇರುತ್ತದೆ. ಪವರ್ ಇಳಿಸಿ ನೋಡಿ.

ಕೆಂಪುಹನಿ:
ಸಾರ್, ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಗಾಜು) ಹಾಕಿ 1 ಮಿಲಿವಾಟ್‌ಗೆ ಇಳಿಸಿದೆ. 1372 ಚೂರು ಎದ್ದಿತು, ಅಷ್ಟೇ. 1356 ಈಗಲೂ ದೊಡ್ಡದು. 512 ಇಲ್ಲ. ಪವರ್ ಹತ್ತರಲ್ಲಿ ಒಂದಾದರೂ ಬದಲಾಗದಿದ್ದರೆ ಫೋಟೋಲಿಸಿಸ್ ಅಲ್ಲ ಅಂತಲ್ವಾ? ಸಿಓ ಕಡಿಮೆ ಬಿದ್ದಿದೆಯೇನೋ. ಟಾಲ್ವೀನ್ ಇಟ್ಟು ನೋಡಿದೆ, ಕ್ಯಾಲಿಬ್ರೇಶನ್ ಸರಿಯಿದೆ.

ಬಫರ್ ಭಟ್ರು:
ಸಿಓ ಕಡಿಮೆ ಬೀಳುವ ಮಾತೇ ಇಲ್ಲ. ಗುಳ್ಳೆ ಹಾಯಿಸಿ ತುಂಬಿಸಿದರೆ ನೀರಿನಲ್ಲಿ ಸುಮಾರು 1 ಮಿಲಿಮೋಲಾರ್ ಇರುತ್ತದೆ. ನಿಮ್ಮ ಪ್ರೋಟೀನ್‌ಗಿಂತ ಇಪ್ಪತ್ತು ಪಟ್ಟು.

ಹಳೇ ಲೇಸರ್:
ಹತ್ತು ಪಟ್ಟು ಇಳಿಸಿದರೆ ಸಾಲದು. ಲೆಕ್ಕ ಹಾಕೋಣ, ಸುಮ್ನೆ ಅಂದಾಜಿಗೆ.

ಫೋಕಸ್ ಚುಕ್ಕೆ 50 ಮೈಕ್ರಾನ್ ಅಂತಿಟ್ಟುಕೊಳ್ಳಿ. 10 ಮಿಲಿವಾಟ್ ಅಷ್ಟು ಜಾಗದಲ್ಲಿ ಬಿದ್ದರೆ ಚದರ ಸೆಂಟಿಮೀಟರಿಗೆ ಸುಮಾರು 500 ವಾಟ್. ಸಿಓ ರೂಪದ ಎಕ್ಸ್‌ಟಿಂಕ್ಷನ್ (ಬೆಳಕು ಹೀರುವ ಶಕ್ತಿ) 442ರಲ್ಲಿ 30 ಪ್ರತಿ ಮಿಲಿಮೋಲಾರ್ ಸೆಂಟಿಮೀಟರ್ ಎಂದು ಹಿಡಿದರೆ, ಒಂದೊಂದು ಹೀಮ್ ಸೆಕೆಂಡಿಗೆ ಒಂದು ಲಕ್ಷಕ್ಕೂ ಜಾಸ್ತಿ ಫೋಟಾನ್ ನುಂಗುತ್ತದೆ. ಸಿಓ ವಾಪಸ್ ಬರುವ ವೇಗ? ಮಯೋಗ್ಲೋಬಿನ್‌ಗೆ ಸೆಕೆಂಡಿಗೆ, ಪ್ರತಿ ಮೋಲಾರ್‌ಗೆ 5 ಲಕ್ಷದ ಆಸುಪಾಸು. 1 ಮಿಲಿಮೋಲಾರ್ ಸಿಓ ಇದ್ದರೆ ಸೆಕೆಂಡಿಗೆ 500 ಸಲ. ಲಕ್ಷಕ್ಕೆ ಎದುರು 500. 1 ಮಿಲಿವಾಟ್‌ಗೆ ಇಳಿಸಿದರೂ ಹನ್ನೆರಡು-ಹದಿಮೂರು ಸಾವಿರಕ್ಕೆ ಎದುರು 500. ಚುಕ್ಕೆಯೊಳಗೆ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಇನ್ನೂ ಡಿಆಕ್ಸಿಯೇ. ನಿಮಗೆ ಕಂಡದ್ದು ಅದೇ.

ಹಾಗಾಗಿ ಟ್ಯೂಬ್ ತಿರುಗಿಸಬೇಕು. 5 ಮಿಲಿಮೀಟರ್ ಟ್ಯೂಬ್ ಸೆಕೆಂಡಿಗೆ 20 ಸುತ್ತು ಹೊಡೆದರೆ ಒಳಗೋಡೆಯ ಹತ್ತಿರದ ದ್ರವ ಚುಕ್ಕೆಯನ್ನು ಸುಮಾರು 0.2 ಮಿಲಿಸೆಕೆಂಡಿನಲ್ಲಿ ದಾಟುತ್ತದೆ. ಮತ್ತೆ ಅದೇ ಜಾಗಕ್ಕೆ ಬರಲು 50 ಮಿಲಿಸೆಕೆಂಡ್ ಬೇಕು. ಸಿಓ ವಾಪಸ್ ಅಂಟಲು 2 ಮಿಲಿಸೆಕೆಂಡ್ ಸಾಕು, ಧಾರಾಳ ಸಮಯ. ಆದರೆ 1 ಮಿಲಿವಾಟ್‌ನಲ್ಲಿ ಆ 0.2 ಮಿಲಿಸೆಕೆಂಡಿನಲ್ಲೂ ಎರಡು-ಮೂರು ಫೋಟಾನ್ ಬೀಳುತ್ತವೆ. ಅದಕ್ಕೇ ಚುಕ್ಕೆ ಬೇಡ, ಗೆರೆ ಮಾಡಿ. ಸಿಲಿಂಡ್ರಿಕಲ್ ಲೆನ್ಸ್ ಹಾಕಿ, 1 ಮಿಲಿಮೀಟರ್ ಉದ್ದದ ಗೆರೆ, ಟ್ಯೂಬ್ ಉದ್ದಕ್ಕೆ. ಸ್ಲಿಟ್‌ಗೂ ಅದೇ ದಿಕ್ಕಿನಲ್ಲಿ ಹೊಂದಿಸಿದರೆ ಸಿಗ್ನಲ್ ಅಷ್ಟೇನೂ ಕಳೆದುಹೋಗುವುದಿಲ್ಲ. ಬೆಳಕು ಇಪ್ಪತ್ತೈದು ಪಟ್ಟು ಹರಡುತ್ತದೆ. ಆಗ ದಾಟುವಷ್ಟರಲ್ಲಿ ಫೋಟಾನ್ ಬೀಳುವುದು ಹತ್ತು ಹೀಮ್‌ಗೆ ಒಂದಕ್ಕೆ.

ಗ್ರೇಟಿಂಗ್ 2400:
ಇನ್ನೊಂದು ಸೇರಿಸುತ್ತೇನೆ. 441.6 ಈ ಕೆಲಸಕ್ಕೆ ತಕ್ಕ ಲೈನ್ ಅಲ್ಲ. ಡಿಆಕ್ಸಿ ಸೊರೆಟ್ 434, ಸಿಓದ್ದು 423. ನಿಮ್ಮ ಲೇಸರ್ ಡಿಆಕ್ಸಿಯ ಮಗ್ಗುಲಲ್ಲೇ ಕೂತಿದೆ. ಸಭೆಯಲ್ಲಿ ಮೈಕ್ ಡಿಆಕ್ಸಿ ಕೈಯಲ್ಲಿದ್ದ ಹಾಗೆ, ಇರುವುದು ಕಡಿಮೆಯಾದರೂ ದನಿ ದೊಡ್ಡದು. 1356 ಮತ್ತು 1372ರ ಎತ್ತರ ಹೋಲಿಸಿ ಶೇಕಡಾ ಲೆಕ್ಕ ಹಾಕಬೇಡಿ. ಸಿಕ್ಕರೆ ಕ್ರಿಪ್ಟಾನ್‌ನ 413.1 ಬಳಸಿ, ಅದು ಸಿಓ ಕಡೆಗಿದೆ.

ಕೆಂಪುಹನಿ:
ಕ್ರಿಪ್ಟಾನ್ ಲೇಸರ್ ನಮ್ಮಲ್ಲಿಲ್ಲ. ಚಿಕ್ಕ ಮೋಟರ್‌ಗೆ ಟ್ಯೂಬ್ ಹೋಲ್ಡರ್ ಸಿಕ್ಕಿಸಿ ತಿರುಗಿಸಿದೆ, ಲೆನ್ಸ್ ಹಾಕಿದೆ, 1 ಮಿಲಿವಾಟ್. ಮೊದಲು ಟ್ಯೂಬ್ ಅಲುಗಾಡಿ ಸಿಗ್ನಲ್ ಕುಣಿಯುತ್ತಿತ್ತು. ಕೆಳಗೊಂದು ಟೆಫ್ಲಾನ್ ಬಳೆ ಕೊಟ್ಟ ಮೇಲೆ ನಿಂತಿತು.

ಈಗ 1372 ದೊಡ್ಡದು, 1498 ಬಂತು, 220 ಸೊರಗಿದೆ. 512 ಬಂತು ಸಾರ್! 577ರಲ್ಲಿ ಸಣ್ಣದೊಂದು ಉಬ್ಬೂ ಇದೆ. 1356ರ ಭುಜ ಮಾತ್ರ ಪೂರ್ತಿ ಹೋಗಿಲ್ಲ.

ಇನ್ನೊಂದು ಪ್ರಶ್ನೆ. 490ರಲ್ಲೂ ಒಂದು ಉಬ್ಬಿದೆ. ಹೀಮ್ ಪಕ್ಕದ ಡಿಸ್ಟಲ್ ಹಿಸ್ಟಿಡಿನ್ ಹೊರಗೆ ತಿರುಗಿದಾಗ ಕಬ್ಬಿಣ-ಸಿಓ ಕಂಪನ 491ಕ್ಕೆ ಇಳಿಯುತ್ತದೆ ಅಂತ ಓದಿದ್ದೆ. ಇದು ಅದೇನಾ?

ಹಳೇ ಲೇಸರ್:
ಭುಜದ ಚಿಂತೆ ಬಿಡಿ, ಮೈಕಿನ ಕಥೆ ಈಗಷ್ಟೇ ಗ್ರೇಟಿಂಗ್ ಹೇಳಿದರಲ್ಲ. ಶುದ್ಧ ಸ್ಪೆಕ್ಟ್ರಮ್ ಬೇಕೇ ಬೇಕೆಂದರೆ ಎರಡು ಪವರ್‌ನಲ್ಲಿ ತೆಗೆದು, ಬೇರೆಯಾಗಿ ತೆಗೆದ ಡಿಆಕ್ಸಿಯನ್ನು 220 ಮಾಯವಾಗುವ ತನಕ ಕಳೆಯಿರಿ.

490ರ ಬಗ್ಗೆ ಹುಷಾರು. ಪಿಎಚ್ 7ರಲ್ಲಿ ಆ ತೆರೆದ ರೂಪ ತೀರಾ ಕಡಿಮೆ. ನಿಮ್ಮ ಟ್ಯೂಬ್ ಕ್ವಾರ್ಟ್ಜ್ ಅಲ್ವಾ? ಕರಗಿಸಿ ಮಾಡಿದ ಸಿಲಿಕಾಗೆ 490ರಲ್ಲಿ ತನ್ನದೇ ಒಂದು ಗೆರೆ ಇದೆ, ಅದರ ಜೊತೆಗಾರ 606ರಲ್ಲಿ. 606 ಕಾಣುತ್ತಿದೆಯೇ?

ಕೆಂಪುಹನಿ:
ಈಗ ನೋಡಿದೆ. 606 ಇದೆ. ಬರೀ ಬಫರ್ ತುಂಬಿದ ಟ್ಯೂಬ್‌ನಲ್ಲೂ ಎರಡೂ ಇವೆ.

ಹಳೇ ಲೇಸರ್:
ಹಾಗಾದರೆ ಅದು ಟ್ಯೂಬ್. ಅದೇ ಟ್ಯೂಬ್, ಅದೇ ಜಾಗ, ಅದೇ ಸಮಯ ಇಟ್ಟು ಬಫರ್ ತೆಗೆದು, 606 ಸೊನ್ನೆಯಾಗುವ ಹಾಗೆ ಕಳೆಯಿರಿ. ಫೋಕಸ್ ಗೋಡೆಯಿಂದ ಕೂದಲೆಳೆಯಷ್ಟು ಒಳಗೆ ಸರಿಸಿದರೂ ಗಾಜಿನ ಪಾಲು ಇಳಿಯುತ್ತದೆ.

ತೆರೆದ ರೂಪವನ್ನೇ ನೋಡಬೇಕೆಂದರೆ ಪಿಎಚ್ 4.5ರ ಹತ್ತಿರಕ್ಕೆ ಇಳಿಸಿ. 512 ಇಳಿದು 491 ಏರಬೇಕು, 606 ಮಾತ್ರ ಇದ್ದಲ್ಲೇ ಇರಬೇಕು. ಆಮೇಲೆ 13-ಕಾರ್ಬನ್ ಸಿಓ ಸಿಕ್ಕರೆ ಒಮ್ಮೆ ಹಾಕಿ. 512 ಸ್ವಲ್ಪ ಕೆಳಗೆ ಜಾರುತ್ತದೆ, 577 ಅದಕ್ಕಿಂತ ಜಾಸ್ತಿ. ಸಿಲಿಕಾ ಗೆರೆ ಅಲ್ಲಾಡುವುದಿಲ್ಲ.

ಬಫರ್ ಭಟ್ರು:
ಪಿಎಚ್ ಇಳಿಸುವುದಾದರೆ ಡೈಥಯೊನೈಟ್ ಹಾಕುವ ಮೊದಲು ಯೋಚಿಸಿ. ಆಮ್ಲದಲ್ಲಿ ಅದು ಬೇಗ ಒಡೆದು ಗಂಧಕದ ಬಿಳಿ ಮಬ್ಬು ಬರುತ್ತದೆ, ರಾಮನ್‌ಗೆ ಅದು ದೊಡ್ಡ ತಲೆನೋವು. ಪಿಎಚ್ 7ರಲ್ಲೇ ಸಿಓ ರೂಪ ಮಾಡಿ, ಸಿಓ ತುಂಬಿದ ಬಫರ್‌ನಲ್ಲಿ ಚಿಕ್ಕ ಡಿಸಾಲ್ಟಿಂಗ್ ಕಾಲಂ (ಡೈಥಯೊನೈಟ್‌ನಂಥ ಚಿಕ್ಕ ಅಣು ಬೇರ್ಪಡಿಸುವುದು) ಹಾಯಿಸಿ, ಕೊನೆಗೆ ಆಮ್ಲದ ಬಫರ್ ಸೇರಿಸಿ. ಕಾಲಂ ಕೂಡ ಹುಡ್ ಒಳಗೇ.